ಬಲಗಡೆಯ ಪೆಟ್ಟಿಗೆ

ನೀರು ಸರಬರಾಜು ಕಚೇರಿಯಲ್ಲಿ ಅವನಿಗೆ ಕಿವಿಯಣ್ಣ ಎಂದೇ ಹೆಸರು. ಹಾಜರಿ ಪುಸ್ತಕದಲ್ಲಿ ಬೇರೆ ಏನೋ ಬರೆದಿದೆ, ಆದರೆ ಹಾಜರಿ ಕೂಗುವ ಗುಮಾಸ್ತರೇ ಅದನ್ನು ಮರೆತು ಎಷ್ಟೋ ಕಾಲವಾಗಿದೆ. ನೆಲದೊಳಗೆ ಪೈಪು ಎಲ್ಲಿ ಸೋರುತ್ತಿದೆ ಎಂದು ನೆಲದ ಮೇಲೆ ನಿಂತು ಹೇಳುವುದು ಅವನ ಕೆಲಸ. ಅದಕ್ಕೆ ಬೇಕಾದ ಸಲಕರಣೆ ಒಂದೇ ಒಂದು: ಎದೆಯೆತ್ತರದ ಉಕ್ಕಿನ ಕೋಲು, ಅದರ ತಲೆಗೆ ಪುಟ್ಟ ಬಟ್ಟಲಿನಂಥ ಮರದ ಹಿಡಿ. ಕೋಲಿನ ಮೊನೆಯನ್ನು ರಸ್ತೆಯ ವಾಲ್ವಿನ ಮೇಲೋ ಯಾರದೋ ಮನೆಯ ಮೀಟರಿನ ಮೇಲೋ ಊರಿ ಬಟ್ಟಲನ್ನು ಕಿವಿಗೆ ಒತ್ತಿಕೊಂಡರೆ, ಮಣ್ಣಿನ ಕೆಳಗಿನ ನೀರು ತನ್ನ ಕಷ್ಟಸುಖ ಹೇಳಿಕೊಳ್ಳುತ್ತದೆ. ಸುಮ್ಮನೆ ಹರಿಯುವ ನೀರಿನದು ಒಂದು ದನಿ. ಬಿರುಕಿನಿಂದ ಚಿಮ್ಮುವ ನೀರಿನದು ಇನ್ನೊಂದು, ಯಾರೋ ಹಲ್ಲು ಕಚ್ಚಿ ಉಸಿರು ಬಿಟ್ಟ ಹಾಗೆ ಸಣ್ಣಗೆ, ಮೊನಚಾಗಿ. ಮೂವತ್ತೊಂದು ವರ್ಷ ಆತ ಬೆಳಗಿನ ಐದಕ್ಕೆ, ಗಾಡಿಗಳ ಗಲಾಟೆ ಶುರುವಾಗುವ ಮೊದಲು, ಬಲಗಿವಿಗೆ ಆ ಕೋಲು ಒತ್ತಿಕೊಂಡು ಬೀದಿ ಬೀದಿ ಅಲೆದಿದ್ದಾನೆ. ಸದ್ದು ಸಿಕ್ಕ ಜಾಗದಲ್ಲಿ ಸೀಮೆಸುಣ್ಣದಿಂದ ಅಡ್ಡಗುರುತು ಹಾಕುತ್ತಾನೆ, ಹಿಂದೆ ಬರುವವರು ಅಗೆಯುತ್ತಾರೆ. ಗುರುತಿನ ಕೆಳಗೆ ನೀರು ಇದ್ದೇ ಇರುತ್ತಿತ್ತು.

ಇರುತ್ತಿತ್ತು ಎಂದೆ. ಯಾಕೆಂದರೆ ಈ ಎರಡು ತಿಂಗಳಲ್ಲಿ ಎರಡು ಸಲ ಇರಲಿಲ್ಲ. ಎರಡನೆಯ ಸಲ ಶಾಲೆಯ ಕಾಂಪೌಂಡಿನ ಮುಂದೆ ಆರಡಿ ಅಗೆದರೂ ಮಣ್ಣು ಬೂದಿಯ ಹಾಗೆ ಒಣಗಿತ್ತು. ಅಗೆಯುವವರ ಮೇಸ್ತ್ರಿ ಹಣೆ ಒರೆಸಿಕೊಂಡು, "ಬೆಟ್ಟ ಅಗೆದವ್ರಿಗೆ ಇಲಿ ಆದ್ರೂ ಸಿಕ್ತಂತೆ ಕಿವಿಯಣ್ಣ, ನಮ್ಗೆ ಅದೂ ಇಲ್ವಲ್ಲ" ಎಂದು ನಕ್ಕ. ಕೊನೆಗೆ ಸೋರಿಕೆ ಸಿಕ್ಕಿದ್ದು ಹನ್ನೊಂದು ಅಡಿ ಆಚೆ, ಅಂಚೆ ಡಬ್ಬಿಯ ಬುಡದಲ್ಲಿ.

ಮಾರನೆಯ ದಿನ ಎಂಜಿನಿಯರ್ ಅವನನ್ನು ಒಳಗೆ ಕರೆದಳು. ಅವನ ಮಗಳ ವಯಸ್ಸಿನ ಹೆಂಗಸು. ಮಾತು ಮೃದು, ನಿರ್ಧಾರ ಗಟ್ಟಿ.

"ಯಜಮಾನ್ರೇ, ಬೇಜಾರು ಮಾಡ್ಕೋಬೇಡಿ. ಕಿವಿ ಒಂದ್ಸಲ ಡಾಕ್ಟ್ರಿಗೆ ತೋರಿಸಿ, ಚೀಟಿ ತಗೊಂಡು ಬನ್ನಿ. ಅಲ್ಲೀವರೆಗೆ ಕೋಲು ಈ ಬೀರೂನಲ್ಲಿರ್ಲಿ."

"ನನ್ನ ಕಿವಿಗೇನಾಗಿದೆ ಮೇಡಂ? ಆ ರಸ್ತೆ ಪೈಪು ಹಳೇದು. ಸದ್ದು ಜಾರತ್ತೆ."

"ಇರಬಹುದು. ಚೀಟೀಲಿ ಸರಿ ಇದೆ ಅಂತ ಬಂದ್ರೆ ನಾನೇ ಕೋಲು ತೆಗೆದು ಕೊಡ್ತೀನಿ. ಇಲ್ದಿದ್ರೆ ಬಿಲ್ಲು ಕಟ್ಟೋ ಕೌಂಟರಲ್ಲಿ ಒಂದು ಕುರ್ಚಿ ಖಾಲಿ ಇದೆ."

ಕೋಲು ಬೀರುವಿನೊಳಗೆ ಹೋಯಿತು. ಅದು ನೆಟ್ಟಗೆ ಹಿಡಿಸದೆ ಓರೆಯಾಗಿ ಒರಗಿ ನಿಂತದ್ದನ್ನು ಕಿವಿಯಣ್ಣ ಬಾಗಿಲವರೆಗೂ ತಿರುಗಿ ತಿರುಗಿ ನೋಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಮನೆಗೆ ಬರುವ ದಾರಿಯುದ್ದಕ್ಕೂ ಬಲಗಿವಿಯನ್ನು ಮುಟ್ಟಿ ಮುಟ್ಟಿ ನೋಡಿಕೊಂಡ.

ಮನೆಯಲ್ಲಿ ಅವನಿಗೆ ಇರುವ ಐಶ್ವರ್ಯವೆಂದರೆ ಒಂದು ರೆಕಾರ್ಡ್ ಪ್ಲೇಯರ್. ಮುಂದಿನ ಕೋಣೆಯಲ್ಲಿ ಬಾಗಿಲ ಎತ್ತರಕ್ಕೆ ಎರಡು ಹಲಗೆ, ಹಲಗೆಗೊಂದು ಸ್ಪೀಕರ್ ಪೆಟ್ಟಿಗೆ, ನಡುವೆ ಮೇಜಿನ ಮೇಲೆ ಪ್ಲೇಯರ್, ಅದರ ಕೆಳಗೆ ಆಂಪ್ಲಿಫಯರ್. ಎಲ್ಲವೂ ಮಾರಿದವರು ಅತ್ತುಕೊಂಡು ಮಾರಿದ ಹಳೆಯ ಸಾಮಾನು. ಭಾನುವಾರ ಬೆಳಿಗ್ಗೆ ಎರಡು ಪೆಟ್ಟಿಗೆಗಳ ನಡುವಿನ ಬೆತ್ತದ ಕುರ್ಚಿಯಲ್ಲಿ ಕೂತು ನಾಲ್ಕು ಹಾಡಿನ ತಟ್ಟೆ ಕೇಳುವುದು ಅವನ ಪದ್ಧತಿ. ಅವನ ಹೆಂಡತಿಗೂ ಹಾಡು ಇಷ್ಟ, ಆದರೆ ಆಕೆ ಒಂದು ಕಡೆ ಕೂರುವವಳಲ್ಲ, ಕೆಲಸ ಮಾಡುತ್ತ ಮಾಡುತ್ತ ಕೇಳುತ್ತಾಳೆ.

ಆ ಭಾನುವಾರ ಆತ ಕುರ್ಚಿಯಲ್ಲಿ ಕೂತದ್ದು ಕೇಳುವುದಕ್ಕಲ್ಲ, ಪರೀಕ್ಷೆ ಮಾಡುವುದಕ್ಕೆ. ಡಾಕ್ಟರಿಗಿಂತ ಮೊದಲು ತಾನೇ ನೋಡಿಬಿಡೋಣ ಎಂದುಕೊಂಡಿದ್ದ. ಹಾಡು ಶುರುವಾಯಿತು. ಎಡಗಿವಿಗೆ ಬೆರಳಿಟ್ಟು ಮುಚ್ಚಿದ.

ಹಾಡುವವಳನ್ನು ಯಾರೋ ಕಂಬಳಿಯಲ್ಲಿ ಸುತ್ತಿ ಪಕ್ಕದ ಮನೆಗೆ ಸಾಗಿಸಿದಂತಾಯಿತು.

ಬೆರಳು ತೆಗೆದ, ಹಾಡು ವಾಪಸು ಬಂತು. ಮತ್ತೆ ಮುಚ್ಚಿದ, ಮತ್ತೆ ಹೋಯಿತು. ಆಗ ಎದ್ದು, ಸ್ಟೂಲು ಹಾಕಿಕೊಂಡು ಹತ್ತಿ, ಬಲಗಡೆಯ ಪೆಟ್ಟಿಗೆಗೆ ಬಲಗಿವಿಯನ್ನು ಒತ್ತಿದ. ಏನೂ ಇಲ್ಲ. ಸ್ಟೂಲಿನ ಮೇಲೇ ತಿರುಗಿ ಅದೇ ಪೆಟ್ಟಿಗೆಗೆ ಎಡಗಿವಿಯನ್ನು ಒತ್ತಿದ. ಅಲ್ಲೂ ಏನೂ ಇಲ್ಲ! ಉಸಿರೇ ಇಲ್ಲ! ಪೆಟ್ಟಿಗೆಯೇ ಸತ್ತಿದೆ!

"ಏನೇ! ಬಾ ಇಲ್ಲಿ, ಬೇಗ ಬಾ!" ಎಂದು ಕೂಗಿದ. ಹೆಂಡತಿ ಬಂದು ನೋಡಿದರೆ ಐವತ್ತಾರು ವರ್ಷದ ಗಂಡ ಸ್ಟೂಲಿನ ಮೇಲೆ ನಿಂತು ಪೆಟ್ಟಿಗೆ ತಬ್ಬಿಕೊಂಡು ನಗುತ್ತಿದ್ದಾನೆ.

"ಇದು ಹಾಡ್ತಿಲ್ಲ ಕಣೇ! ನಾನು ಸುಮ್ನೆ ಹೆದರ್ಕೊಂಡಿದ್ದೆ. ಕಿವಿ ಅಲ್ಲ, ಪೆಟ್ಟಿಗೆ!"

ಹೆಂಡತಿಯ ಮುಖ ಯಾಕೋ ಸಪ್ಪಗಾಯಿತು. "ಹಳೇ ಸಾಮಾನು, ಬಿಡಿ ಅತ್ಲಾಗೆ. ಹೊಸದೊಂದು ತಗೊಂಡ್ರಾಯ್ತು" ಎಂದಳು.

ಬಿಡುವ ಮಾತೇ ಇರಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿಯವನು ಈತ, ಅದರಲ್ಲೂ ಈ ಸಲ ಹಿಡಿದದ್ದು ಸಾಮಾನ್ಯ ಮೊಲವಲ್ಲ. ಪೆಟ್ಟಿಗೆಯ ಕಡೆಯ ದೋಷವನ್ನು ಹುಡುಕಿ, ಸರಿಮಾಡಿ, ಹಾಡು ಎರಡೂ ಕಡೆ ಬಂತೆಂದರೆ ಕಿವಿ ಸರಿ ಇದೆ ಎಂದು ತನಗೆ ತಾನೇ ಚೀಟಿ ಬರೆದುಕೊಂಡ ಹಾಗೆ. ಆಮೇಲೆ ಡಾಕ್ಟರು ಎಷ್ಟು ಹೊತ್ತು! ಬೀರುವಿನಿಂದ ಕೋಲು ಹೊರಗೆ ಬಂದೇ ಬಂತು ಎಂದು ಲೆಕ್ಕ ಹಾಕಿಕೊಂಡ.

ಸೋರಿಕೆ ಹುಡುಕುವವರ ಕ್ರಮವೇ ಬೇರೆ. ದೋಷ ಎಲ್ಲಿದೆ ಎಂದು ನುಗ್ಗುವುದಿಲ್ಲ. ಎಲ್ಲಿ ಇಲ್ಲ ಎಂದು ಒಂದೊಂದೇ ವಾಲ್ವು ಮುಚ್ಚುತ್ತ ಬರುತ್ತಾರೆ. ಅವನೂ ಹಾಗೆಯೇ ಶುರು ಮಾಡಿದ. ಮೊದಲು ಆಂಪ್ಲಿಫಯರಿನ ಹಿಂದೆ ಎರಡು ಪೆಟ್ಟಿಗೆಗಳ ತಂತಿಗಳನ್ನು ಅದಲುಬದಲು ಮಾಡಿದ. ಈಗ ಬಲಗಡೆಯ ಪೆಟ್ಟಿಗೆ ಹಾಡಿತು, ಎಡಗಡೆಯದು ಮೌನ ಹಿಡಿಯಿತು. ಅಂದರೆ ಪೆಟ್ಟಿಗೆಗಳು ನಿರಪರಾಧಿಗಳು. ತಂತಿಗಳನ್ನು ಮೊದಲಿನಂತೆ ಹಾಕಿ, ಪ್ಲೇಯರಿನಿಂದ ಆಂಪ್ಲಿಫಯರಿಗೆ ಬರುವ ಕೆಂಪು ಬಿಳಿ ಪಿನ್ನುಗಳನ್ನು ಅದಲುಬದಲು ಮಾಡಿದ. ಮೌನ ಮತ್ತೆ ಈ ಕಡೆಯಿಂದ ಆ ಕಡೆಗೆ ಹೋಯಿತು. ಆಂಪ್ಲಿಫಯರಿಗೂ ಬಿಡುಗಡೆ. ಪ್ರತಿ ಸಲವೂ ಸ್ಟೂಲು ಹೊತ್ತುಕೊಂಡು ಓಡಾಡಿ, ಹತ್ತಿ, ಇಳಿದು, ಎರಡು ಪೆಟ್ಟಿಗೆಗೂ ಕಿವಿಯಿಟ್ಟ. ಪ್ರತಿ ಸಲವೂ ಇಟ್ಟದ್ದು ಎಡಗಿವಿ. ಅದು ಯಾಕೆ ಎಂದು ಆ ದಿನ ಅವನನ್ನು ಯಾರೂ ಕೇಳಲಿಲ್ಲ, ಅವನೂ ತನ್ನನ್ನು ಕೇಳಿಕೊಳ್ಳಲಿಲ್ಲ.

ಉಳಿದದ್ದು ಪ್ಲೇಯರಿನ ತೋಳು ಮತ್ತು ಅದರ ತುದಿಯ ಕಾರ್ಟ್ರಿಡ್ಜು. ತಟ್ಟೆಯ ಗೆರೆಯಲ್ಲಿ ಓಡುವ ಮುಳ್ಳನ್ನು ಹಿಡಿದಿರುವ, ಹೆಬ್ಬೆರಳ ಉಗುರಿನಷ್ಟು ದೊಡ್ಡ ಕಪ್ಪು ಡಬ್ಬಿ ಅದು. ಮುಳ್ಳಿನ ನಡುಕ ಅದರೊಳಗಿನ ಎರಡು ಸುರುಳಿಗಳಲ್ಲಿ ಕರೆಂಟಾಗುತ್ತದೆ, ಎಡಕ್ಕೊಂದು ಬಲಕ್ಕೊಂದು. ಡಬ್ಬಿಯ ಬೆನ್ನಿಗೆ ನಾಲ್ಕು ಪಿನ್ನು, ಪಿನ್ನಿಗೊಂದು ಕೂದಲಿನಂಥ ತಂತಿ. ಇವನ ಬೆರಳುಗಳೋ ವಾಲ್ವು ತಿರುಗಿಸಿ ದಪ್ಪಗಾದವು. ಹೆಂಡತಿಯ ಹುಬ್ಬು ಕೀಳುವ ಚಿಮುಟ ತಂದು, ಉಸಿರು ಬಿಗಿಹಿಡಿದು, ಎಡದ ಜೋಡಿಯನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಸಿಕ್ಕಿಸುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಊಟಕ್ಕೆ ಮೂರು ಸಲ ಕರೆದ ಹೆಂಡತಿ, "ಒಂದು ಕಿವೀಲಿ ಕೇಳಿ ಇನ್ನೊಂದರಲ್ಲಿ ಬಿಡೋದೇ ಆಯ್ತು" ಎಂದು ಹೇಳಲು ಹೊರಟು, ಅರ್ಧದಲ್ಲೇ ಮಾತು ನುಂಗಿಕೊಂಡಳು.

ಹಾಡು ಹಾಕಿದ. ಮೌನ ಈಗಲೂ ಜಾಗ ಬದಲಾಯಿಸಿತು. ತೋಳಿನ ತಂತಿಗಳೂ ಸರಿ. ಕಳ್ಳ ಕಾರ್ಟ್ರಿಡ್ಜಿನೊಳಗೇ ಇದ್ದ.

"ಸಿಕ್ಕಿಬಿದ್ದ!" ಎಂದು ಕಿವಿಯಣ್ಣ ತೊಡೆ ತಟ್ಟಿಕೊಂಡ. ಆ ಹೊತ್ತಿನಲ್ಲಿ ಅವನಷ್ಟು ಸುಖಿ ಆ ಬೀದಿಯಲ್ಲಿ ಯಾರೂ ಇರಲಿಲ್ಲ.

ಸೋಮವಾರ ಆ ಡಬ್ಬಿಯನ್ನು ಹತ್ತಿಯಲ್ಲಿ ಸುತ್ತಿ, ಬೆಂಕಿಪೊಟ್ಟಣದಲ್ಲಿಟ್ಟುಕೊಂಡು ಗಡಿಯಾರ ರಿಪೇರಿಯವಳ ಅಂಗಡಿಗೆ ಹೋದ. ಅಪ್ಪನಿಂದ ಅಂಗಡಿಯನ್ನೂ ಕಣ್ಣಿನ ಭೂತಗನ್ನಡಿಯನ್ನೂ ಪಡೆದವಳು ಆಕೆ. ಮೂರು ಬೀದಿಗಳ ಕೈಗಡಿಯಾರಗಳ ಆರೋಗ್ಯ ಅವಳ ಕೈಯಲ್ಲಿದೆ. ಅವಳು ಕರೆಂಟು ಅಳೆಯುವ ಮೀಟರಿನ ಎರಡು ಕಡ್ಡಿಗಳನ್ನು ಒಂದು ಜೋಡಿ ಪಿನ್ನುಗಳಿಗೆ ಮುಟ್ಟಿಸಿದಳು, ಸಂಖ್ಯೆ ಬಂತು. ಇನ್ನೊಂದು ಜೋಡಿಗೆ ಮುಟ್ಟಿಸಿದಳು, ಏನೂ ಬರಲಿಲ್ಲ.

"ಒಳಗಡೆ ತಂತಿ ಕಿತ್ತಿದೆ ಮಾಮ. ಇಂಥದ್ದನ್ನ ಯಾರೂ ಬಿಚ್ಚಲ್ಲ, ಬಿಸಾಕ್ತಾರೆ."

"ಬಿಚ್ಚಿ."

"ಬಿಚ್ಚೋವಾಗ ಇನ್ನೊಂದು ಸುರುಳೀನೂ ಹೋದ್ರೆ? ಈಗ ಒಂದು ಕಡೆಯಾದ್ರೂ ಕೇಳ್ತಿದೆ."

"ಒಂದು ಕಡೆ ಕೇಳೋದಕ್ಕೆ ಇಷ್ಟು ದೂರ ಬಂದಿಲ್ಲಮ್ಮ. ಬಿಚ್ಚಿ."

ಅವಳು ಅವನನ್ನು ಒಮ್ಮೆ ನೋಡಿದಳು. ಗಿರಾಕಿ ಜಗ್ಗುವವನಲ್ಲ ಎಂದು ತಿಳಿದು, ಬುಧವಾರ ಬನ್ನಿ ಎಂದಳು.

ಬುಧವಾರ ಮೀಟರು ಎರಡು ಜೋಡಿಗೂ ಸಂಖ್ಯೆ ತೋರಿಸಿತು. ಹಿಂದಿನ ಮುಚ್ಚಳವನ್ನು ಬ್ಲೇಡಿನಿಂದ ಎಬ್ಬಿಸಿ, ಸುರುಳಿಯಿಂದ ಒಂದೇ ಒಂದು ಸುತ್ತು ಬಿಡಿಸಿ, ಆ ತುದಿಯನ್ನು ಪಿನ್ನಿಗೆ ಬೆಸುಗೆ ಹಾಕಿದೆ ಎಂದು ಅವಳು ವಿವರಿಸುತ್ತಿದ್ದರೆ ಕಿವಿಯಣ್ಣ ಸಣ್ಣ ಮಗುವಿನ ಹಾಗೆ ಹಿಗ್ಗುತ್ತಿದ್ದ. ಮಾತಿನ ಕೊನೆಗೆ ಅವಳು ಸಹಜವಾಗಿ ಹೇಳಿದಳು:

"ಆದ್ರೆ ಇದು ಮೊನ್ನೆ ಕಿತ್ತಿದ್ದಲ್ಲ ಮಾಮ. ತುದೀಲಿ ತಾಮ್ರ ಹಸಿರು ಕಟ್ಟಿತ್ತು. ಎರಡು ವರ್ಷನಾದ್ರೂ ಆಗಿರ್ಬೇಕು."

"ಎರಡು ವರ್ಷನಾ? ಸಾಧ್ಯನೇ ಇಲ್ಲ. ನಾನು ವಾರವಾರ ಕೇಳ್ತೀನಿ. ಒಂದು ಕಡೆ ಸತ್ತಿದ್ರೆ ನನಗೆ ಗೊತ್ತಾಗಲ್ವಾ?"

"ನಾನು ಕಂಡಿದ್ದು ಹೇಳ್ದೆ" ಎಂದು ಅವಳು ಇನ್ನೊಂದು ಗಡಿಯಾರ ಕೈಗೆತ್ತಿಕೊಂಡಳು.

ಅವಳಿಗೆ ಗಡಿಯಾರ ಗೊತ್ತು, ಹಾಡಿನ ವಿಷಯ ಏನು ಗೊತ್ತು ಎಂದು ದಾರಿಯಲ್ಲಿ ಮನಸ್ಸಿನಲ್ಲೇ ಅವಳನ್ನು ಬೈದುಕೊಂಡ. ಆದರೂ ಬೆಂಕಿಪೊಟ್ಟಣವನ್ನು ಎರಡು ಸಲ ತೆರೆದು ನೋಡಿಕೊಂಡ.

ಸಂಜೆ ಐದರ ಹೊತ್ತಿಗೆ ಡಬ್ಬಿಯನ್ನು ತೋಳಿಗೆ ತಿರುಪು ಹಾಕಿ ಕೂರಿಸಿ, ನಾಲ್ಕು ತಂತಿಗಳನ್ನು ಅವುಗಳ ಜಾಗಕ್ಕೆ ಸಿಕ್ಕಿಸಿ, ಮುಳ್ಳನ್ನು ತಟ್ಟೆಯ ಮೇಲೆ ಇಳಿಸಿದ. ಸ್ಟೂಲು ಹತ್ತಿ ಬಲಗಡೆಯ ಪೆಟ್ಟಿಗೆಗೆ ಎಡಗಿವಿ ಒತ್ತಿದ. ಹಾಡುತ್ತಿತ್ತು! ಹಾಡಿನ ಜೊತೆಗೆ, ಬಲಗಡೆಗೆ ಮಾತ್ರ ಬರುವ ಒಂದು ಪಿಟೀಲೂ ಇತ್ತು. ಅಡುಗೆಮನೆಯಿಂದ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲೇ ನಿಂತಳು. "ಪಿಟೀಲು ಬಂತಲ್ಲ" ಎಂದಳು, ಬಾಯಿತಪ್ಪಿ.

ಬಂತಲ್ಲ ಎಂದರೇನು? ಪಿಟೀಲು ಹೋಗಿದ್ದು ಯಾವಾಗ? ಕಿವಿಯಣ್ಣ ಕೆಳಗಿಳಿದು ಕುರ್ಚಿಯಲ್ಲಿ ಕೂತ. ಆ ಹಾಡು ಅವನಿಗೆ ಬಾಯಿಪಾಠ. ಪಿಟೀಲು ಎಲ್ಲಿ ಬರಬೇಕೋ ಅಲ್ಲಿ ಮನಸ್ಸೇ ನುಡಿಸಿಕೊಳ್ಳುತ್ತಿತ್ತು, ಕಿವಿಯನ್ನು ಕೇಳುವ ಗೋಜಿಗೇ ಹೋಗಿರಲಿಲ್ಲ. ಇವನ ಕಸುಬಿನಲ್ಲಿ ಇದಕ್ಕೊಂದು ನಿಯಮವಿದೆ. ದೊಡ್ಡ ಸೋರಿಕೆಯ ಸದ್ದು ಪಕ್ಕದ ಸಣ್ಣ ಸೋರಿಕೆಯನ್ನು ಮುಚ್ಚಿಬಿಡುತ್ತದೆ. ಅದಕ್ಕೇ ಒಂದನ್ನು ಸರಿಮಾಡಿದ ಮೇಲೆ ಗುಂಡಿ ಮುಚ್ಚಬಾರದು, ಮತ್ತೊಮ್ಮೆ ಕೋಲಿಟ್ಟು ಕೇಳಬೇಕು. ಹೊಸದಾಗಿ ಕೆಲಸಕ್ಕೆ ಬಂದವರಿಗೆಲ್ಲ ಇವನೇ ಅದನ್ನು ಹೇಳಿಕೊಟ್ಟಿದ್ದಾನೆ.

ಬೆರಳಿನಿಂದ ಎಡಗಿವಿಯನ್ನು ಮುಚ್ಚಿದ.

ಪಿಟೀಲು ಪೂರಾ ಹೋಯಿತು. ಹಾಡು ಮತ್ತೆ ಕಂಬಳಿಯೊಳಗೆ ಸೇರಿಕೊಂಡಿತು. ಬಲಗಡೆಯ ಪೆಟ್ಟಿಗೆ ಈಗ ಜೋರಾಗಿ ಹಾಡುತ್ತಿತ್ತು, ಅವನ ಬಲಗಿವಿಗೆ ಅದು ಬೇಕಾಗಿರಲಿಲ್ಲ.

ಆತ ಮುಳ್ಳನ್ನು ಎತ್ತಿಟ್ಟ. ತಟ್ಟೆಯನ್ನು ಅದರ ಕವರಿಗೆ ಸೇರಿಸಿದ. ಆಮೇಲೆ, "ಕಿವಿ ಹೋಗಿದೆ ಕಣೇ" ಎಂದ.

ಹೆಂಡತಿ ಬಂದು ನೆಲದ ಮೇಲೆ ಅವನ ಎಡಕ್ಕೆ ಕೂತಳು. "ಗೊತ್ತು" ಎಂದಳು.

"ಯಾವಾಗಿಂದ?"

"ಎರಡು ವರ್ಷದ ಹಿಂದೆ ಆ ಡಬ್ಬಿ ತಂತಿ ಕಿತ್ತಿದ್ದು ನಾನೇ ರೀ. ಧೂಳು ಒರೆಸೋವಾಗ ಬಟ್ಟೆ ಎಳೆ ಅದರ ಹಿಂದಿನ ತಂತಿಗೆ ಸಿಕ್ಕಾಕಿಕೊಳ್ತು. ಜಗ್ಗಿಬಿಟ್ಟೆ. ತಂತಿ ಈಚೆ ಬಂತು, ಹೇಗೋ ಮತ್ತೆ ಸಿಕ್ಕಿಸಿದೆ. ಆ ಭಾನುವಾರ ನೀವು ಹಾಡು ಹಾಕಿದ್ರಿ. ಈ ಕಡೆ ಪೆಟ್ಟಿಗೇಲಿ ಸದ್ದೇ ಇಲ್ಲ. ಈಗ ಬೈತಾರೆ, ಈಗ ಬೈತಾರೆ ಅಂತ ಅಡುಗೆಮನೇಲಿ ಕಾಯ್ತಾ ನಿಂತಿದ್ದೆ. ನೀವು ಕಣ್ಣು ಮುಚ್ಕೊಂಡು ತಲೆದೂಗ್ತಾ ಕೂತಿದ್ರಿ."

ಅವಳು ನೆಲದ ಮೇಲೆ ಬೆರಳಾಡಿಸುತ್ತ ಮುಂದುವರಿಸಿದಳು. "ಮುಂದಿನ ವಾರಾನೂ ಬೈಲಿಲ್ಲ. ಅದರ ಮುಂದಿನ ವಾರಾನೂ ಬೈಲಿಲ್ಲ. ಆಗ ಗೊತ್ತಾಯ್ತು ನಂಗೆ. ಬೈದಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು."

"ಹೇಳ್ಬಾರ್ದಿತ್ತಾ?"

"ಯಾವ ಬಾಯಲ್ಲಿ ಹೇಳ್ಲಿ? ಊರಿಗೆಲ್ಲ ನೀವು ಕಿವಿಯಣ್ಣ. ಆವತ್ತಿಂದ ನಿಮ್ಮ ಎಡಗಡೇನೇ ಕೂರ್ತೀನಿ, ದಾರೀಲಿ ಎಡಗಡೇನೇ ನಡೀತೀನಿ, ಏನಿದ್ರೂ ಎಡಗಡೆ ಬಂದೇ ಹೇಳ್ತೀನಿ. ನೀವು ನೋಡ್ಲೇ ಇಲ್ಲ."

ನೋಡಿರಲಿಲ್ಲ, ನಿಜ. ಮಣ್ಣಿನ ಕೆಳಗೆ ನಾಲ್ಕಡಿ ಆಳದ ಸದ್ದು ಕೇಳಿಸಿಕೊಳ್ಳುವ ಮನುಷ್ಯನಿಗೆ ಸ್ವಂತ ಹೆಂಡತಿ ಎರಡು ವರ್ಷದಿಂದ ತನ್ನ ಸುತ್ತ ಜಾಗ ಬದಲಾಯಿಸುತ್ತಿದ್ದದ್ದು ಗೊತ್ತಾಗಿರಲಿಲ್ಲ. ಅವನಿಗೆ ಕಿವಿ ಹೋದ ದುಃಖಕ್ಕಿಂತ ಆ ನಾಚಿಕೆಯೇ ದೊಡ್ಡದಾಯಿತು. ಆ ರಾತ್ರಿ ಇಬ್ಬರೂ ಬೇಗ ಮಲಗಿದರು.

ಬೆಳಿಗ್ಗೆ ಎದ್ದು ಆತ ಮಾಡಿದ ಮೊದಲ ಕೆಲಸವೆಂದರೆ ಹೆಂಡತಿಯನ್ನು ಬೈದದ್ದು. "ಒಂದು ಮಾತು ಹೇಳೋಕೆ ಎರಡು ವರ್ಷ ಬೇಕಾ ನಿಂಗೆ? ಬುದ್ಧಿ ಎಲ್ಲಿ ಅಡ ಇಟ್ಟಿದ್ದೆ? ಅಷ್ಟು ನಾಜೂಕು ವಸ್ತೂನ ನೆಲ ಒರೆಸೋ ಬಟ್ಟೇಲಿ ಒರೆಸ್ತಾರೇನೇ ಯಾರಾದ್ರೂ?" ಎಂದು ಶುರು ಮಾಡಿ, ಪಕ್ಕದ ಮನೆಯವರು ಕಿಟಕಿ ತೆರೆಯುವವರೆಗೆ ಬೈದ. ಅವಳು ಚಹಾ ಸೋಸುತ್ತ ಬೆನ್ನು ತಿರುಗಿಸಿ ನಿಂತಿದ್ದಳು. ಅಳುತ್ತಿದ್ದಾಳೆಂದು ಆತ ಗಾಬರಿಯಾಗಿ ಮುಂದೆ ಹೋಗಿ ನೋಡಿದರೆ, ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು.

"ಆಯ್ತಾ? ಇನ್ನೂ ಇದ್ಯಾ?" ಎಂದು ಲೋಟ ಕೊಟ್ಟಳು.

"ಉಳಿದದ್ದು ಸಂಜೆಗೆ. ಈಗ ಡಾಕ್ಟ್ರ ಹತ್ರ ಹೋಗ್ಬೇಕು, ಹೊರಡು."

ಡಾಕ್ಟರು ಅವನನ್ನು ಗಾಜಿನ ಕೋಣೆಯಲ್ಲಿ ಕೂರಿಸಿ ಎರಡು ಕಿವಿಗೂ ಬೇರೆ ಬೇರೆ ಸದ್ದು ಕೇಳಿಸಿ ಚೀಟಿ ಬರೆದರು. ಬಲಗಿವಿಯಲ್ಲಿ ಸಣ್ಣ ಮೊನಚು ಸದ್ದುಗಳು ಕೇಳುವ ಶಕ್ತಿ ಕೆಲವು ವರ್ಷಗಳಿಂದ ಸ್ವಲ್ಪ ಸ್ವಲ್ಪವೇ ಕುಂದುತ್ತ ಬಂದು ಈಗ ಬಹುತೇಕ ಹೋಗಿದೆ, ಮರಳಿ ಬರುವುದಿಲ್ಲ. ಎಡಗಿವಿ ವಯಸ್ಸಿಗೆ ತಕ್ಕಂತೆ ಚೆನ್ನಾಗಿದೆ. ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ನೇರ ಕಚೇರಿಗೆ ಹೋದ. ಮರೆಮಾಚುವ ಆಸೆ ಒಂದು ಕ್ಷಣವೂ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೆಟ್ಟಿಲ ಮೇಲೆ ಬಂದಿತ್ತು, ಅಲ್ಲೇ ಬಿಟ್ಟು ಹತ್ತಿದ.

ಎಂಜಿನಿಯರ್ ಮೊದಲ ಸಾಲು ಓದಿ ನಿಟ್ಟುಸಿರು ಬಿಟ್ಟಳು. "ನಂಗೂ ಬೇಜಾರೇ ಯಜಮಾನ್ರೇ."

"ಇನ್ನೊಂದು ಸಾಲಿದೆ ಮೇಡಂ. ಅದನ್ನೂ ಓದಿ."

ಅವಳು ಓದಿದಳು.

"ಮೂವತ್ತೊಂದು ವರ್ಷ ಬಲಗಿವೀಲೇ ಕೇಳ್ದೆ. ಯಾರೂ ಹಾಗೇ ಕೇಳು ಅಂತ ಹೇಳಿರ್ಲಿಲ್ಲ, ಬಲಗೈ ಅಭ್ಯಾಸ ಅಷ್ಟೆ. ಎಡಗಿವಿಗೆ ಇನ್ನೂ ಕೋಲಿನ ರುಚಿನೇ ಗೊತ್ತಿಲ್ಲ. ಒಂದು ತಿಂಗಳು ಟೈಮು ಕೊಡಿ. ಒಂದು ಗುರುತು ಹಾಕ್ತೀನಿ. ತಪ್ಪಿದ್ರೆ ನಿಮ್ಮ ಕೌಂಟರ್ ಕುರ್ಚೀಲಿ ಕೂತ್ಕೊಂಡು ತುಟಿಪಿಟಿಕ್ಕೆನ್ನಲ್ಲ."

"ಒಂದೇ ಗುರುತು" ಎಂದಳು ಆಕೆ, ಬೆರಳೆತ್ತಿ.

ಬಲಗಿವಿ ದೊಡ್ಡ ಪಂಡಿತ, ಎಡಗಿವಿ ಇನ್ನೂ ಅ ಆ ಇ ಈ. ಕೋಲು ಬೀರುವಿನಲ್ಲೇ ಇತ್ತಾದ್ದರಿಂದ ಮನೆಯಲ್ಲಿ ಮೊಳದುದ್ದದ ಸ್ಕ್ರೂಡ್ರೈವರ್ ಹಿಡಿದು ಪಾಠ ಶುರುವಾಯಿತು. ಅದರ ಮೊನೆ ಅಂಗಳದ ಪೈಪಿನ ಮೇಲೆ, ಹಿಡಿ ಎಡಗಿವಿಗೆ. ಒಳಗೆ ಹೆಂಡತಿ ಯಾವುದಾದರೂ ಒಂದು ನಲ್ಲಿಯನ್ನು ಒಂದೆಳೆಯಷ್ಟು ತೆರೆಯುತ್ತಾಳೆ. ಯಾವುದು ಎಂದು ಇವನು ಹೇಳಬೇಕು. ಮೊದಲ ವಾರ ಬಚ್ಚಲಿನ ನಲ್ಲಿಯನ್ನು ಅಡುಗೆಮನೆಯದು ಎಂದ, ಅಡುಗೆಮನೆಯದನ್ನು ಹಿತ್ತಲಿನದು ಎಂದ, ಯಾವುದನ್ನೂ ತೆರೆಯದೆ ಅವಳು ಸುಮ್ಮನೆ ನಿಂತಾಗಲೂ "ಬಚ್ಚಲು!" ಎಂದು ಖಡಾಖಂಡಿತವಾಗಿ ಕೂಗಿದ. "ಕುಣಿಯೋಕೆ ಬರ್ದೋಳು ನೆಲ ಡೊಂಕು ಅಂದಳಂತೆ, ಇನ್ನು ಪೈಪಿಗೆ ಬೈಬೇಡಿ" ಎಂದು ಅವಳು ಮೊದಲೇ ಎಚ್ಚರಿಸಿದ್ದರಿಂದ ಪೈಪಿಗೆ ಬೈಯುವ ಹಾಗೂ ಇರಲಿಲ್ಲ. ಸದ್ದೇನೋ ಕೇಳಿಸುತ್ತಿತ್ತು, ಅದು ಹತ್ತಿರದ್ದೋ ದೂರದ್ದೋ ಎನ್ನುವುದು ಮಾತ್ರ ಎಡಗಿವಿಗೆ ತಿಳಿಯುತ್ತಿರಲಿಲ್ಲ. ದಿನಕ್ಕೆ ಮೂವತ್ತು ಸಲ, ನಲವತ್ತು ಸಲ. ಎರಡನೆಯ ವಾರ ಹತ್ತಕ್ಕೆ ಐದು. ಮೂರನೆಯ ವಾರ ಒಂದು ಬೆಳಿಗ್ಗೆ, "ಹಿತ್ತಲದ್ದು ತೆರೆದಿದ್ದೀಯ, ಬಚ್ಚಲದ್ದು ಸರಿಯಾಗಿ ಮುಚ್ಚಿಲ್ಲ" ಎಂದ. ಒಳಗಿಂದ ಬಚ್ಚಲಿನ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿದ ಕಿರಿಕಿರಿ ಸದ್ದು ಕೇಳಿತು.

ತಿಂಗಳ ಕೊನೆಯ ಸೋಮವಾರ ಬೆಳಿಗ್ಗೆ ಐದಕ್ಕೆ, ಹೊಲಿಗೆ ಅಂಗಡಿಗಳ ಬೀದಿಯಲ್ಲಿ ಎಲ್ಲರೂ ಸೇರಿದರು. ಆ ಬೀದಿಯ ಮನೆಗಳಿಗೆ ಹದಿನೈದು ದಿನದಿಂದ ನೀರು ದಾರದಂತೆ ಬರುತ್ತಿತ್ತು. ಎಂಜಿನಿಯರ್ ತಾನೇ ಕೋಲು ತಂದಿದ್ದಳು. ಮೇಸ್ತ್ರಿ ತನ್ನವರೊಂದಿಗೆ ಗುದ್ದಲಿ ಊರಿಕೊಂಡು ನಿಂತಿದ್ದ, ಈ ಸಲ ನಗಲಿಲ್ಲ.

ಕಿವಿಯಣ್ಣ ಮೊದಲ ವಾಲ್ವಿನ ಮೇಲೆ ಕೋಲು ಊರಿ, ಅಭ್ಯಾಸಬಲದಿಂದ ಬಲಕ್ಕೆ ಹೋದ ತಲೆಯನ್ನು ಹಿಂದಕ್ಕೆ ತಂದು, ಎಡಗಿವಿಗೆ ಒತ್ತಿದ. ನಡೆದ. ಮೀಟರಿನ ಮೇಲೆ ಇಟ್ಟ. ಮತ್ತೆ ನಡೆದ. ಹೋದ ದಾರಿಯಲ್ಲೇ ವಾಪಸು ಬಂದ. ಮುಕ್ಕಾಲು ಗಂಟೆಯಾಯಿತು, ಪೂರ್ವಕ್ಕೆ ಬೆಳಕು ಹರಿಯಿತು, ಮೇಸ್ತ್ರಿಯ ಜನ ಆಕಳಿಸತೊಡಗಿದರು. ಕೊನೆಗೆ ದರ್ಜಿಯೊಬ್ಬನ ಅಂಗಡಿಯ ಮೆಟ್ಟಿಲ ಮುಂದೆ ಮೊಣಕಾಲೂರಿ, ರಸ್ತೆಯ ಕಲ್ಲಿನ ಮೇಲೇ ಕೋಲಿಟ್ಟು, ಕಣ್ಣು ಮುಚ್ಚಿ, ಅಲ್ಲೇ ಕೂತುಬಿಟ್ಟ.

"ಮೇಡಂ, ನೀವೂ ಒಂದ್ಸಲ ಕೇಳಿ" ಎಂದ.

ಆಕೆ ಬಗ್ಗಿ ಕಿವಿಯಿಟ್ಟಳು. ಒಂದು ಕಿವಿ, ಆಮೇಲೆ ಇನ್ನೊಂದು. "ಏನೂ ಕೇಳ್ತಿಲ್ವಲ್ಲ ಯಜಮಾನ್ರೇ. ಬರೀ ಗುಂಯ್ ಅಂತಿದೆ."

"ಆ ಗುಂಯ್ ಹಿಂದೆ ಒಂದಿದೆ" ಎಂದು ಅಡ್ಡಗುರುತು ಹಾಕಿದ. ಸೀಮೆಸುಣ್ಣ ಎರಡು ಸಲ ಮುರಿಯಿತು, ಅಷ್ಟು ಒತ್ತಿ ಎಳೆದಿದ್ದ. "ಅಗೀರಿ."

ಒಂದಡಿ, ಎರಡಡಿ. ಮಣ್ಣು ಒಣಕಲು. ಮೂರಡಿ. ಅಲ್ಲೂ ಒಣಕಲು. ಮೇಸ್ತ್ರಿ ಎಂಜಿನಿಯರ್ ಕಡೆ ನೋಡಿದ, ಅವಳು ಕೈಗಡಿಯಾರ ನೋಡಿದಳು. ಕಿವಿಯಣ್ಣ ಗುಂಡಿಯ ಅಂಚಿನಲ್ಲಿ ಮಲಗಿದಂತೆ ಬಾಗಿ ಕೋಲಿನಿಂದ ಕಿವಿ ತೆಗೆಯಲೇ ಇಲ್ಲ. ಗುದ್ದಲಿಯ ಪೆಟ್ಟು, ಮಣ್ಣು ಉದುರುವ ಸದ್ದು, ಅವೆಲ್ಲವುಗಳ ಅಡಿಯಲ್ಲಿ ಹಲ್ಲು ಕಚ್ಚಿದ ಆ ಸಣ್ಣ ಉಸಿರು. ಅದು ಅಲ್ಲೇ ಇತ್ತು, ಪೆಟ್ಟು ಪೆಟ್ಟಿಗೂ ಹತ್ತಿರವಾಗುತ್ತಿತ್ತು. ನಾಲ್ಕನೆಯ ಅಡಿಗೆ ಆತ ಇದ್ದಕ್ಕಿದ್ದಂತೆ ಕೈ ಎತ್ತಿದ.

"ನಿಲ್ಸಿ! ಗುದ್ದಲಿ ಸಾಕು. ಕೈಯಲ್ಲಿ ತೆಗೀರಿ, ಪೈಪು ಅಲ್ಲೇ ಇದೆ."

ಮೇಸ್ತ್ರಿ ಗುಂಡಿಗಿಳಿದು ಕೈಯಿಂದ ಮಣ್ಣು ಬಾಚಿದ. ಎರಡನೆಯ ಬೊಗಸೆ ಕಪ್ಪಗೆ ಒದ್ದೆಯಾಗಿತ್ತು. ನಾಲ್ಕನೆಯ ಬೊಗಸೆಗೆ ನೀರು ಸೂಜಿಯ ಹಾಗೆ ಚಿಮ್ಮಿ ಅವನ ಮುಖ ತೋಯಿಸಿತು. ಅವನು ಕೂಗಿದ, ಅವನ ಜನ ಕೂಗಿದರು, ಮೇಲಿನ ಮನೆಯ ಕಿಟಕಿಯಿಂದ ಯಾರೋ ಚಪ್ಪಾಳೆ ತಟ್ಟಿದರು. ಎಂಜಿನಿಯರ್ ಟೇಪು ಹಿಡಿದು ಗುರುತಿದ್ದ ಜಾಗದಿಂದ ಬಿರುಕಿನ ನೇರಕ್ಕೆ ಅಡ್ಡಲಾಗಿ ಅಳೆದಳು.

"ಒಂದೂವರೆ ಅಡಿ" ಎಂದಳು.

"ಒಂದೂವರೆ ಜಾಸ್ತಿಯಾಯ್ತು" ಎಂದ ಕಿವಿಯಣ್ಣ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಪೈಪಿನ ನೀರು ಅಷ್ಟು ದೂರ ಚಿಮ್ಮಿರಲಿಲ್ಲ. ಅದನ್ನು ಒರೆಸಿಕೊಳ್ಳುವುದಕ್ಕೂ ಹೋಗಲಿಲ್ಲ. "ಮುಂದಿನ ತಿಂಗಳು ಅರ್ಧಕ್ಕೆ ತರ್ತೀನಿ."

ಆಕೆ ಟೇಪು ಸುತ್ತಿ ಜೇಬಿಗಿಟ್ಟು, ಹೆಚ್ಚು ಮಾತಿಲ್ಲದೆ, "ನಾಳೆ ದೊಡ್ಡ ಮಾರುಕಟ್ಟೆ ಹಿಂದಿನ ಬೀದಿ. ಐದಕ್ಕೆ ಗಾಡಿ ಬರತ್ತೆ. ಕೋಲು ನಿಮ್ಮ ಹತ್ರನೇ ಇರ್ಲಿ" ಎಂದಳು.

ಕೆಲಸದವರು ಗುಂಡಿಯಲ್ಲಿ ಪೈಪಿನ ಬಿರುಕಿಗೆ ಕಬ್ಬಿಣದ ಪಟ್ಟಿ ಬಿಗಿದು ಮೇಲೆ ಬಂದರು, ಮಣ್ಣು ಎಳೆಯಲು ಸಲಿಕೆ ಎತ್ತಿದರು. ಕಿವಿಯಣ್ಣ ಕೈ ಅಡ್ಡ ಹಿಡಿದ. "ತಡೀರಿ. ಇನ್ನೊಂದ್ಸಲ ಕೇಳ್ಬೇಕು. ಎಲ್ರೂ ಸುಮ್ನಿರಿ" ಎಂದು ಮತ್ತೆ ಮೊಣಕಾಲೂರಿದ. ಸಲಿಕೆಗಳು ನಿಂತವು, ಮೇಸ್ತ್ರಿ ಉಸಿರು ಹಿಡಿದ, ಎಂಜಿನಿಯರ್ ಹೊಡೆದುಕೊಳ್ಳುತ್ತಿದ್ದ ತನ್ನ ಫೋನನ್ನು ಆರಿಸಿದಳು. ಇಡೀ ಬೀದಿ ಅವನ ಎಡಗಿವಿಗಾಗಿ ಸುಮ್ಮನಾಯಿತು.